ತಂಬಾಕಿನ ಪೊಟ್ಟಣದ ಮೇಲಿನ ಚೇಳು: ಒಂದು ವಿಮರ್ಶೆ

ಚಿತ್ರವು ಜನರ ಮನಸ್ಸನ್ನು ಒಲಿಸುವ ಬಗೆಯನ್ನು ಅರಿಯಲು ತಂಬಾಕಿನ ಪೊಟ್ಟಣಕ್ಕಿಂತ ಉತ್ತಮವಾದ ನಿದರ್ಶನವು ನಮಗೆ ದೊರೆಯಲಾರದು. ವ್ಯಾಪಾರಿಯ ಆಕರ್ಷಣೆಯೂ ಸರ್ಕಾರದ ಎಚ್ಚರಿಕೆಯೂ ಅಲ್ಲಿ ಒಂದೇ ಕಾಗದದ ಮೇಲೆ ಎದುರುಬದುರಾಗಿ ನಿಂತಿವೆ. 1975ರ ಸಿಗರೇಟು ಕಾಯಿದೆಯು ಬರಿಯ ಅಕ್ಷರಗಳ ಎಚ್ಚರಿಕೆಯನ್ನು ವಿಧಿಸಿತ್ತು. ಓದು ಬಾರದವರಿಗೆ ಅದು ಇದ್ದೂ ಇಲ್ಲದಂತೆ. 2003ರ ಕಾಯಿದೆಯ ಅನುಸಾರವಾಗಿ 2009ರ ಮೇ 31ರಿಂದ ಚಿತ್ರಗಳು ಬಂದವು: ಸೇದುವ ತಂಬಾಕಿಗೆ ಶ್ವಾಸಕೋಶ, ಜಗಿಯುವ ತಂಬಾಕಿಗೆ ಚೇಳು.

ಈ ಚೇಳು ವಿಚಾರಾರ್ಹವಾದುದು. ನಮ್ಮ ಆಲಂಕಾರಿಕರ ಪರಿಭಾಷೆಯಲ್ಲಿ ಇದು ಲಕ್ಷಣೆ. ಲಕ್ಷಣೆಗೆ ಮುಖ್ಯಾರ್ಥದ ಬಾಧೆ ಬೇಕು. ಮುಖ್ಯಾರ್ಥಕ್ಕೂ ಲಕ್ಷ್ಯಾರ್ಥಕ್ಕೂ ಸಂಬಂಧ ಬೇಕು. ರೂಢಿಯೋ ಪ್ರಯೋಜನವೋ ಬೇಕು. ಪೊಟ್ಟಣದಲ್ಲಿ ಚೇಳಿಲ್ಲವೆಂಬುದು ಯಾರಿಗೂ ತಿಳಿದೀತು; ಸಂಬಂಧವೆಲ್ಲಿ? ಚೇಳು ಕುಟುಕಿದೊಡನೆ ಉರಿ ಏರುತ್ತದೆ. ತಂಬಾಕಾದರೋ ಮೊದಲು ಹಿತವಾಗಿದ್ದು, ವರ್ಷಗಳು ಕಳೆದ ಮೇಲೆ ಬಾಯಿಯ ಹುಣ್ಣಾಗಿ ಕೊಲ್ಲುತ್ತದೆ. ನಿಧಾನವೇ ಅದರ ಸ್ವಭಾವವಾಗಿರುವಾಗ, ತತ್‌ಕ್ಷಣದ ನೋವಿಗೆ ಹೆಸರಾದ ಪ್ರಾಣಿಯನ್ನು ಆರಿಸಿದುದು ಔಚಿತ್ಯವೆನಿಸದು. ಮೇಲಾಗಿ, ಆನೆ, ಕುದುರೆ, ನವಿಲುಗಳ ಗುರುತನ್ನು ನೋಡಿಯೇ ಸರಕು ಕೊಳ್ಳುವುದು ನಮ್ಮ ಜನರ ಹಳೆಯ ವಾಡಿಕೆ. ಅಂಗಡಿಯಲ್ಲಿ ಒಬ್ಬಾತನು ‘ಚೇಳಿನ ಗುರುತಿನದು ಕೊಡಿ’ ಎಂದು ಕೇಳಿದರೆ ತಪ್ಪು ಅವನದಲ್ಲ. 2011ರ ಡಿಸೆಂಬರ್ 1ರಿಂದ ಚೇಳು ಮರೆಯಾಗಿ, ಕ್ಯಾನ್ಸರ್ ತಗುಲಿದ ಬಾಯಿಯ ಚಿತ್ರಗಳು ಬಂದವು. ವಾಚ್ಯವು ಲಕ್ಷಣೆಗಿಂತ ಮೇಲಾದ ಅಪೂರ್ವ ಪ್ರಸಂಗವಿದು.

ಕುಟುಂಬ ಯೋಜನೆಯ ಕೆಂಪು ತ್ರಿಕೋನಕ್ಕೂ ಅದರ ಅರ್ಥಕ್ಕೂ ಯಾವ ಸಾದೃಶ್ಯವಿತ್ತೆಂದು ಕೆಲವರು ಆಕ್ಷೇಪಿಸಬಹುದು. ಯಾವುದೂ ಇರಲಿಲ್ಲ, ನಿಜ. ಆದರೆ ತ್ರಿಕೋನವು ವಾದಿಸಲು ಹೊರಟಿರಲಿಲ್ಲ. ‘ಇಲ್ಲಿ ಸಲಹೆ ದೊರೆಯುತ್ತದೆ’ ಎಂದು ಆಸ್ಪತ್ರೆಯ ಗೋಡೆಯ ಮೇಲೆ ನಿಂತು ತೋರಿಸುತ್ತಿತ್ತು. ಅಷ್ಟಕ್ಕೆ ರೂಢಿಯೇ ಸಾಕು. ಚೇಳಾದರೋ ಕೈಗೆತ್ತಿಕೊಂಡವನನ್ನು ತಡೆಯಬೇಕಾಗಿತ್ತು.

ಇನ್ನು ಅಳತೆಯ ಮಾತು. ಮೊದಲಿಗೆ ಎಚ್ಚರಿಕೆಗೆ ದೊರೆತುದು ಮುಂಭಾಗದ ಶೇಕಡ 40 ಮಾತ್ರ. 2016ರ ಏಪ್ರಿಲ್ 1ರಿಂದ ಎರಡೂ ಬದಿಗಳಲ್ಲಿ ಶೇಕಡ 85 ಆಯಿತು. ಅದರಲ್ಲಿ 60 ಚಿತ್ರಕ್ಕೆ, 25 ಅಕ್ಷರಕ್ಕೆ. ಕರ್ನಾಟಕದ ಉಚ್ಚ ನ್ಯಾಯಾಲಯವು 2017ರ ಡಿಸೆಂಬರ್ 15ರಂದು ಈ ನಿಯಮವನ್ನು ರದ್ದುಪಡಿಸಿತು. 2018ರ ಜನವರಿ 8ರಂದು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆಯಾಜ್ಞೆ ನೀಡಿತು. ಅಂಗೈಯಗಲದ ಕಾಗದಕ್ಕಾಗಿ ಇಷ್ಟು ವ್ಯಾಜ್ಯ ನಡೆದುದೇ ಅದರ ಬೆಲೆಯನ್ನು ಸಾರುತ್ತದೆ. ಬಣ್ಣ, ಗೆರೆ, ಹೊಳಪುಗಳಿಗೆ ಮಾರುವ ಶಕ್ತಿ ಇಲ್ಲವಾದರೆ ವ್ಯಾಪಾರಿಯು ಅವುಗಳಿಗಾಗಿ ಹೋರಾಡುತ್ತಿರಲಿಲ್ಲ. ಆಸ್ಟ್ರೇಲಿಯವು 2012ರ ಡಿಸೆಂಬರ್‌ನಲ್ಲಿ ಈ ತರ್ಕವನ್ನು ಕೊನೆಯವರೆಗೆ ಒಯ್ದು, ಪೊಟ್ಟಣಗಳೆಲ್ಲಕ್ಕೂ ಒಂದೇ ಮಂಕು ಕಂದುಬಣ್ಣವನ್ನು ವಿಧಿಸಿ, ಲಾಂಛನಗಳನ್ನು ಅಳಿಸಿತು.

ಆದರೂ ನಮ್ಮಲ್ಲಿ ಒಂದು ತೊಡಕು ಉಳಿದೇ ಇದೆ. ಸಿಗರೇಟನ್ನು ಒಂದೊಂದಾಗಿ ಬಿಡಿಯಾಗಿ ಕೊಳ್ಳುವವನ ಕೈಗೆ ಪೊಟ್ಟಣವೇ ಬರುವುದಿಲ್ಲ. ಆ ಭೀಕರ ಚಿತ್ರವನ್ನು ದಿನವಿಡೀ ಕಾಣುವವನು ಅಂಗಡಿಯವನೊಬ್ಬನೇ. ಕೆನಡಾ ದೇಶವು 2023ರ ಆಗಸ್ಟ್ 1ರಂದು ಜಾರಿಗೆ ತಂದ ನಿಯಮಗಳಲ್ಲಿ ಪ್ರತಿಯೊಂದು ಸಿಗರೇಟಿನ ಮೇಲೂ ಎಚ್ಚರಿಕೆಯನ್ನು ಅಚ್ಚುಹಾಕುವ ಕ್ರಮವನ್ನು ಕೈಕೊಂಡಿದೆ. ಕಾಗದದ ಹೊದಿಕೆಯುಳ್ಳ ಸಿಗರೇಟಿಗೆ ಇದು ಸಾಧ್ಯ. ಒಣಗಿದ ಎಲೆಯನ್ನು ಸುತ್ತಿ ದಾರ ಕಟ್ಟಿದ ಬೀಡಿಗೆ ಬೇರೆಯದೇ ಉಪಾಯ ಬೇಕಾದೀತು.