ಸೊಲ್ಲು ಎತ್ತುವವರಿಲ್ಲದೆ ನಿಂತ ಹಾಡು

ಹಾಡು ಕಟ್ಟುವವರಿಗೆಲ್ಲ ಗೊತ್ತಿರುವ ಒಂದು ಸಂಕಟವಿದೆ. ಹಾರ್ಮೋನಿಯಂ ಎದುರಿಗಿರುತ್ತದೆ, ಸಾಹಿತ್ಯ ಕಾಗದದ ಮೇಲಿರುತ್ತದೆ, ಪಲ್ಲವಿಯೂ ಒಂದು ಹದಕ್ಕೆ ಬಂದಿರುತ್ತದೆ. ಚರಣಕ್ಕೆ ಹೊರಟರೆ ಬೆರಳು ಅದೇ ನಾಲ್ಕು ಸ್ವರಗಳ ಸುತ್ತ ಗಾಣದ ಎತ್ತಿನಂತೆ ತಿರುಗುತ್ತದೆ. ಒಂದು ದಿನವಾದರೆ ಆಯಾಸವೆನ್ನಬಹುದು. ತಿಂಗಳಾದರೆ ಭಯ ಹುಟ್ಟುತ್ತದೆ. ನನ್ನೊಳಗಿದ್ದದ್ದು ಇಷ್ಟೇ ಇರಬೇಕು, ಅದು ಬತ್ತಿಹೋಯಿತು ಎಂಬ ಭಯ. ಇದಕ್ಕೆ ನಮ್ಮ ಸುಗಮ ಸಂಗೀತದ ಶಿಬಿರಗಳಲ್ಲಿ ಸಿಗುವ ಪರಿಹಾರಗಳು ಬಹುಮಟ್ಟಿಗೆ ಒಂದೇ ಬಗೆಯವು: ರಾಗ ಬದಲಿಸಿ ನೋಡಿ, ತಾಳ ಬದಲಿಸಿ, ಒಂದು ಸುತ್ತು ನಡೆದು ಬನ್ನಿ, ಮಲಗಿ ಎದ್ದು ಕೂರಿ. ಇವು ಕೆಟ್ಟ ಸಲಹೆಗಳೇನಲ್ಲ. ಆದರೆ ಇವೆಲ್ಲವೂ ರೋಗ ಹಾಡುಗಾರನ ತಲೆಯೊಳಗಿದೆ ಎಂದು ಮೊದಲೇ ತೀರ್ಮಾನಿಸಿಕೊಂಡಿವೆ. ಅವನು ಎಲ್ಲಿ ಕೂತಿದ್ದಾನೆ, ಯಾರ ಜೊತೆ ಕೂತಿದ್ದಾನೆ ಎಂದು ಯಾರೂ ಕೇಳುವುದಿಲ್ಲ.

ನನಗೂ ಇದರ ರುಚಿ ಗೊತ್ತು. ಕೆಲವು ವರ್ಷಗಳ ಹಿಂದೆ ಹೊನ್ನಾಳಿ ಕಡೆಯ ಒಂದು ಶಾಲೆಯ ಮಕ್ಕಳು ಆಡಲಿದ್ದ ನೀರಿನ ಕುರಿತ ಚಿಕ್ಕ ರೂಪಕಕ್ಕೆ ಹಾಡು ಮಾಡಿಕೊಡುತ್ತೇನೆಂದು ಒಪ್ಪಿಕೊಂಡೆ. ತುಂಗಭದ್ರೆ ಊರಿನ ಮಗ್ಗುಲಲ್ಲೇ ಹರಿಯುವಾಗ ನೀರಿನ ಹಾಡಿಗೇನು ಬರ ಎಂಬ ಹುಂಬ ಧೈರ್ಯ. ಪಲ್ಲವಿ ಒಂದೇ ಸಂಜೆಗೆ ಬಂತು. ಆಮೇಲೆ ಹದಿನೈದು ದಿನ ಏನೂ ಬರಲಿಲ್ಲ. ಬಂದದ್ದೆಲ್ಲ ಯಾವುದೋ ಕ್ಯಾಸೆಟ್ಟಿನಲ್ಲಿ ಕೇಳಿದ್ದೇ ಆಗಿರುತ್ತಿತ್ತು. ಮಧ್ಯಾಹ್ನದ ಹೊತ್ತು ಖಾಲಿ ಕೊಠಡಿಯಲ್ಲಿ ಪೆಟ್ಟಿಗೆ ಒತ್ತುತ್ತ ಕೂತಿದ್ದಾಗ ಬಿಸಿಯೂಟದ ಪಾತ್ರೆ ತೊಳೆದು ಮುಗಿಸಿದ್ದ ಅಡುಗೆಯಮ್ಮ ಬಾಗಿಲಲ್ಲಿ ನಿಂತು ಕೇಳಿದರು: "ಒಬ್ರೇ ಕುಂತು ಎಷ್ಟೊತ್ತು ಗೊಣಗ್ತೀರಿ ಮೇಷ್ಟ್ರೇ? ಸೊಲ್ಲೆತ್ತೋರು ಇಲ್ದಿದ್ರೆ ಪದ ಹೆಂಗ್ ಮುಂದಕ್ಕೆ ಹೋಗ್ತೈತಿ?"

ಆಗ ನಕ್ಕುಬಿಟ್ಟೆ. ಸಂಗೀತ ರಚನೆಗೂ ಸೋಬಾನೆ ಪದಕ್ಕೂ ಎಲ್ಲಿಯ ಸಂಬಂಧ ಎಂಬ ಅಹಂಕಾರ ನನ್ನಲ್ಲಿತ್ತು. ಆಮೇಲೆ ಯೋಚಿಸಿದಾಗ ಆಕೆ ಹೇಳಿದ್ದು ಹಾಡು ಕಟ್ಟುವ ಕಸುಬಿನ ಬಹು ಮುಖ್ಯವಾದ ಗುಟ್ಟು ಎನಿಸಿತು.

ಸೋಬಾನೆಯಲ್ಲಿ ಒಬ್ಬಾಕೆ ಸಾಲು ಹೇಳುತ್ತಾಳೆ, ಉಳಿದವರು ಸೊಲ್ಲೆತ್ತುತ್ತಾರೆ. ಈ ಸೊಲ್ಲನ್ನು ನಾವು ಅಲಂಕಾರ, ಬರೀ ಪುನರಾವರ್ತನೆ ಎಂದು ತಿಳಿದಿದ್ದೇವೆ. ಜಾನಪದ ಸಂಗ್ರಹಗಳನ್ನು ಅಚ್ಚು ಹಾಕುವಾಗ ಜಾಗ ಉಳಿಸಲು ಅದನ್ನು ಒಮ್ಮೆ ಮಾತ್ರ ಕೊಟ್ಟು ಬಿಟ್ಟುಬಿಡುವುದೂ ಉಂಟು. ಆದರೆ ಸೊಲ್ಲು ಹಾಡುಗಾರ್ತಿಗೆ ಸಿಗುವ ಸಮಯ. ಗುಂಪು ಎರಡು ಸಾಲು ಎಳೆಯುವಷ್ಟರಲ್ಲಿ ಆಕೆ ಉಸಿರು ತೆಗೆದುಕೊಳ್ಳುತ್ತಾಳೆ, ಮದುಮಗಳ ಮುಖ ನೋಡುತ್ತಾಳೆ, ಅತ್ತೆಯ ಕಡೆಯವರು ತಂದ ಸೀರೆ ನೋಡುತ್ತಾಳೆ, ಮುಂದಿನ ಸಾಲು ಅಲ್ಲಿಂದ ಹುಟ್ಟುತ್ತದೆ. ಮರೆತುಹೋದರೆ ಇನ್ನೊಮ್ಮೆ ಎಳೆಸುತ್ತಾಳೆ. ಗುಂಪಿನಲ್ಲಿ ಯಾರೋ ಒಬ್ಬಾಕೆ ಒಂದು ಮಾತು ಎತ್ತಿಕೊಡುತ್ತಾಳೆ. ಮೊಹರಮಿನ ರಿವಾಯತ್ ಪದಗಳ ಮೇಳದಲ್ಲೂ ಮುಮ್ಮೇಳ ಹೇಳಿದ್ದನ್ನು ಹಿಮ್ಮೇಳ ಎತ್ತಿಕೊಳ್ಳುತ್ತದೆ. ಗೀಗೀ ಪದಕ್ಕಂತೂ ಹೆಸರೇ ಅದರ ಸೊಲ್ಲಿನಿಂದ ಬಂದದ್ದು. ಹರದೇಶಿಯವರು ಕೇಳಿದ ಸವಾಲಿಗೆ ನಾಗೇಶಿಯವರು ನಿಂತ ನಿಲುವಿನಲ್ಲೇ ಜವಾಬು ಕೊಡಬೇಕಾದ ಆ ಕಲೆಯಲ್ಲಿ ಸೊಲ್ಲು ಇಲ್ಲದಿದ್ದರೆ ಎಂಥ ಪ್ರತಿಭಾವಂತನಿಗೂ ನಾಲಿಗೆ ಕಟ್ಟಿಹೋಗುತ್ತದೆ.

ನಮ್ಮ ಸೀಮೆಯ ಇನ್ನೊಂದು ಉದಾಹರಣೆ ಇದಕ್ಕಿಂತ ಕಠಿಣವಾದದ್ದು. ಲಂಬಾಣಿಗರ ಆರಾಧ್ಯ ಸಂತ ಸೇವಾಲಾಲರು ಹುಟ್ಟಿದ ಸೂರಗೊಂಡನಕೊಪ್ಪ ಇರುವುದು ಈಗಿನ ನ್ಯಾಮತಿ ತಾಲ್ಲೂಕಿನಲ್ಲಿ. ಹೊನ್ನಾಳಿಯಿಂದ ಬೇರ್ಪಟ್ಟ ಹೊಸ ತಾಲ್ಲೂಕು ಇದು. ಇಲ್ಲಿಯೂ ಚನ್ನಗಿರಿಯ ಕಡೆಯೂ ತಾಂಡಾಗಳು ಬಹಳ. ಲಂಬಾಣಿ ಮದುವೆಯಲ್ಲಿ ಗಂಡನ ಮನೆಗೆ ಹೊರಡುವ ಹುಡುಗಿ ತನ್ನವರನ್ನು ಒಬ್ಬೊಬ್ಬರನ್ನಾಗಿ ತಬ್ಬಿಕೊಂಡು ಅತ್ತು ಹಾಡುವ ಢಾವಲೋ ಎಂಬ ಪ್ರಕಾರವಿದೆ. ಹದಿನೆಂಟು ಇಪ್ಪತ್ತರ ಹುಡುಗಿ, ಜೀವನದ ಅತ್ಯಂತ ಕಷ್ಟದ ಗಳಿಗೆ, ಎದುರಿಗೆ ಇಡೀ ತಾಂಡಾ. ಆಗ ಅವಳು ಹಾಡು ಕಟ್ಟಬೇಕು. ತಂದೆಗೆ ಹಾಡಿದ್ದು ಅಣ್ಣನಿಗೆ ನಡೆಯುವುದಿಲ್ಲ, ಅಣ್ಣನಿಗೆ ಹಾಡಿದ್ದು ಗೆಳತಿಗೆ ನಡೆಯುವುದಿಲ್ಲ. ಹೇಗೆ ಸಾಧ್ಯ? ಹಿರಿಯ ಹೆಂಗಸರು ಅವಳಿಗೆ ಮೊದಲೇ ಇದನ್ನು ಕಲಿಸಿರುತ್ತಾರೆ. ಇಳಿಯುತ್ತ ಹೋಗುವ ಒಂದು ಧಾಟಿ, ಕರೆಯುವ ಕೆಲವು ಮಾತುಗಳು, ಸಾಲಿನ ಕೊನೆಯಲ್ಲಿ ಎಳೆದ ಒಂದು ಅಳು. ಆ ಅಳು ನಿಜವಾದ ಅಳುವೂ ಹೌದು, ಮುಂದಿನ ಸಾಲಿಗೆ ಸಿಗುವ ಬಿಡುವೂ ಹೌದು. ದುಃಖ ಅವಳದೇ, ಆದರೆ ಅದನ್ನು ಹೊರುವ ಚೌಕಟ್ಟು ಅವಳು ಒಬ್ಬಳೇ ಮಾಡಿದ್ದಲ್ಲ. ನಮ್ಮ ವಿಮರ್ಶೆ ಈ ಎರಡನ್ನು ಬೇರೆ ಮಾಡಿ ನೋಡುವುದನ್ನು ಇನ್ನೂ ಕಲಿತಿಲ್ಲವೆಂದು ನನ್ನ ದೂರು.

ಈ ನಾಲ್ಕೂ ತಾಲ್ಲೂಕುಗಳು ಒಂದೇ ಬಗೆಯವಲ್ಲ. 1997ರಲ್ಲಿ ದಾವಣಗೆರೆ ಜಿಲ್ಲೆಯಾಗುವ ಮೊದಲು ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗಕ್ಕೆ ಸೇರಿದ್ದವು, ಜಗಳೂರು ಚಿತ್ರದುರ್ಗಕ್ಕೆ. ಅಡಿಕೆ, ಭತ್ತದ ಕಡೆಯ ಹಾಡಿಗೂ ಮಳೆ ಕಾಯುವ ಜಗಳೂರಿನ ಹಾಡಿಗೂ ನಡೆಯೇ ಬೇರೆ. ಆದರೆ ಬರೆದ ಕಾವ್ಯದ ಪರಂಪರೆಯಲ್ಲೂ ಹಾಡುವವನನ್ನು ಒಂಟಿಯಾಗಿ ಬಿಟ್ಟಿರಲಿಲ್ಲ ಎಂಬುದಕ್ಕೆ ಜಗಳೂರಿನ ಸೀಮೆಯವನೆನ್ನಲಾಗುವ ಮಹಲಿಂಗರಂಗನನ್ನೇ ನೋಡಬಹುದು. ಅವನ 'ಅನುಭವಾಮೃತ' ಅದ್ವೈತದಂಥ ಒಣ ವಿಷಯವನ್ನು ಭಾಮಿನಿ ಷಟ್ಪದಿಯಲ್ಲಿ ಹೇಳಿತು. ಮೂರು, ನಾಲ್ಕು ಮಾತ್ರೆಗಳ ಗಣ ಒಂದಾದ ಮೇಲೊಂದು ಬರುವ ಆ ನಡೆ ಕಿವಿಗೆ ಬಿದ್ದ ಮೇಲೆ ಮುಂದಿನ ಪದ ಎಷ್ಟು ಉದ್ದವಿರಬೇಕು ಎಂಬುದು ಮೊದಲೇ ಗೊತ್ತಾಗಿರುತ್ತದೆ. ಗಮಕಿ ಅದಕ್ಕೆ ತನಗೆ ಬೇಕಾದ ರಾಗ ತೊಡಿಸುತ್ತಾನೆ, ಭಾವ ತಿರುಗಿದಲ್ಲಿ ರಾಗವನ್ನೂ ತಿರುಗಿಸುತ್ತಾನೆ. ಅರ್ಧ ಕೆಲಸ ಛಂದಸ್ಸು ಮಾಡಿಕೊಟ್ಟಿದೆ, ಉಳಿದರ್ಧ ಇವನದು.

ಹಾಗಾದರೆ ಈ ಕಟ್ಟಿಹೋಗುವ ರೋಗ ಎಲ್ಲಿಯದು? ಸ್ವರಗಳೆಲ್ಲ ತನ್ನೊಳಗಿಂದಲೇ, ತನ್ನೊಬ್ಬನಿಂದಲೇ, ಹಿಂದೆಂದೂ ಇಲ್ಲದಂತೆ ಹುಟ್ಟಬೇಕು ಎಂದು ರಚನೆಕಾರ ನಂಬಿದ ಕಡೆ ಅದು ಹೆಚ್ಚು. ಯುರೋಪಿನ ಎರಡು ಪ್ರಸಂಗಗಳು ಪ್ರಸಿದ್ಧ. ರಷ್ಯಾದ ರಹ್ಮಾನಿನೊವ್‌ನ ಮೊದಲ ಸಿಂಫನಿ 1897ರಲ್ಲಿ ಹೀನಾಯವಾಗಿ ಸೋತಿತು. ವಿಮರ್ಶಕರು ಹರಿದು ಹಾಕಿದರು. ಮುಂದಿನ ಸುಮಾರು ಮೂರು ವರ್ಷ ಅವನು ಹೇಳಿಕೊಳ್ಳುವಂಥದ್ದೇನನ್ನೂ ಬರೆಯಲಾಗಲಿಲ್ಲ. 1900ರಲ್ಲಿ ನಿಕೊಲಾಯ್ ದಾಲ್ ಎಂಬ ವೈದ್ಯರ ಬಳಿ ಹೋದ. ದಾಲ್ ಸಂಮೋಹನ ಚಿಕಿತ್ಸೆ ಕೊಟ್ಟರು ಎಂಬುದನ್ನೇ ಎಲ್ಲರೂ ಬರೆಯುತ್ತಾರೆ. ಅವರು ಸ್ವತಃ ವಾದ್ಯ ನುಡಿಸುತ್ತಿದ್ದ ಸಂಗೀತಪ್ರೇಮಿ, ತಿಂಗಳುಗಟ್ಟಲೆ ಈ ಮನುಷ್ಯನ ಜೊತೆ ಕೂತು ಮಾತಾಡಿದರು ಎಂಬುದು ನನಗೆ ಹೆಚ್ಚು ಮುಖ್ಯವೆನಿಸುತ್ತದೆ. 1901ರಲ್ಲಿ ಎರಡನೆಯ ಪಿಯಾನೊ ಕಂಚರ್ಟೊ ಪೂರ್ಣಗೊಂಡಿತು. ಅದರ ಅರ್ಪಣೆ ಆ ವೈದ್ಯರಿಗೆ. ಇನ್ನೊಬ್ಬ ಫಿನ್ಲೆಂಡಿನ ಸಿಬೆಲಿಯಸ್. 1926ರ 'ಟಾಪಿಯೋಲಾ' ಆದ ಮೇಲೆ 1957ರಲ್ಲಿ ತೀರಿಕೊಳ್ಳುವವರೆಗೆ ಅವನಿಂದ ಯಾವ ದೊಡ್ಡ ಕೃತಿಯೂ ಹೊರಬರಲಿಲ್ಲ. ಎಂಟನೆಯ ಸಿಂಫನಿಗಾಗಿ ಜಗತ್ತು ಕಾಯುತ್ತಿತ್ತು. ಅವನು 1940ರ ದಶಕದಲ್ಲಿ ತನ್ನ ಹಸ್ತಪ್ರತಿಗಳನ್ನು ಬೆಂಕಿಗೆ ಹಾಕಿದ. ಅವನಿಗೆ ಕೇಳುಗರು ಇರಲಿಲ್ಲವೆಂದಲ್ಲ, ಇದ್ದರು. ಆದರೆ ಕಾಯುವ ಕೇಳುಗ ಬೇರೆ, ಸೊಲ್ಲು ಎತ್ತುವ ಕೇಳುಗ ಬೇರೆ. ಮೊದಲನೆಯವನು ಕೈ ಕಟ್ಟಿ ಕೂತು 'ಏನು ತಂದಿದ್ದೀಯ, ತೋರಿಸು' ಎನ್ನುತ್ತಾನೆ. ಎರಡನೆಯವನು ನೀನು ತಂದ ಅರ್ಧವನ್ನು ಎತ್ತಿಕೊಂಡು ನಿನಗೆ ಉಸಿರಾಡಲು ಬಿಡುತ್ತಾನೆ.

ಇನ್ನು ನಮ್ಮ ಮನೆಯ ಮಾತಿಗೆ ಬರುತ್ತೇನೆ. ಶಿಶುನಾಳ ಶರೀಫರು (1819-1889) ಹೊನ್ನಾಳಿಗೆ ಹೊಂದಿಕೊಂಡ ಹಾವೇರಿ ಜಿಲ್ಲೆಯವರು. ರಿವಾಯತ್ ಪದಗಳನ್ನು ಕಟ್ಟಿದವರು, ಗೋವಿಂದಭಟ್ಟರ ಶಿಷ್ಯರಾಗಿ ತತ್ವಪದ ಹಾಡಿದವರು. ಅವರ ಪದಗಳು ಭಜನೆಯ ಮೇಳಗಳಲ್ಲಿ ಊರಿಗೊಂದು ಧಾಟಿಯಲ್ಲಿ ಬದುಕಿದವು. ಅವನ್ನು ನಾಡಿನ ಮನೆಮನೆಗೆ ಮುಟ್ಟಿಸಿದವರಲ್ಲಿ ಸಿ. ಅಶ್ವತ್ಥ್ ಮೊದಲಿಗರು. 1990ರ 'ಸಂತ ಶಿಶುನಾಳ ಶರೀಫ' ಚಿತ್ರದ ಸಂಗೀತವೂ ಅವರದೇ. ಅದು ದೊಡ್ಡ ಕೆಲಸ, ಅದರ ಋಣ ನಮ್ಮ ಮೇಲಿದೆ. ಪದದ ಅರ್ಥಕ್ಕೆ ತಕ್ಕಂತೆ ದನಿಯನ್ನು ಒಮ್ಮೆಲೇ ಮೇಲಕ್ಕೆ ಎಸೆಯುವ, ಒಂದು ಶಬ್ದದ ಮೇಲೆ ನಿಂತು ಅದನ್ನು ಜಗ್ಗುವ ಅವರ ರೀತಿ ಯಾರಿಗೂ ಬಂದಿಲ್ಲ. ಆದರೆ ಅದು ಒಂದು ಮಹಾ ಕಂಠಕ್ಕೆಂದು ಮಾಡಿದ ಅಂಗಿ. ಹೊಲದಲ್ಲಿ ದುಡಿದು ಬಂದು ರಾತ್ರಿ ಹತ್ತಕ್ಕೆ ತಾಳ ಹಿಡಿಯುವವರ ಮೇಳ ಮಧ್ಯಮ ಸ್ಥಾಯಿಯಲ್ಲೇ ಆಡುತ್ತದೆ, ಏಕೆಂದರೆ ಎಲ್ಲರ ದನಿಗೂ ಅದು ಎಟುಕಬೇಕು. ಅಶ್ವತ್ಥರ ಧಾಟಿ ಬಂದ ಮೇಲೆ ನಮ್ಮ ಹುಡುಗರು ಸ್ಪರ್ಧೆಗಳಲ್ಲಿ ಶರೀಫರನ್ನು ಹಾಡುವುದಿಲ್ಲ, ಅಶ್ವತ್ಥರನ್ನು ಹಾಡುತ್ತಾರೆ, ಅವರ ಗಂಟಲಿನ ಗೊಗ್ಗರನ್ನೂ ಸೇರಿಸಿ. ಬೇರೆ ಧಾಟಿಯಲ್ಲಿ ಹೇಳಿದರೆ ತೀರ್ಪುಗಾರರು ತಪ್ಪೆಂದುಕೊಳ್ಳುವುದನ್ನು ನಾನೇ ಕಂಡಿದ್ದೇನೆ. ಅಶ್ವತ್ಥ್ 2009ರಲ್ಲಿ ತೀರಿಕೊಂಡರು. ಇದು ಅವರ ತಪ್ಪಲ್ಲ. ಒಂದು ಧಾಟಿಯನ್ನು ಕೊನೆಯ ಧಾಟಿಯೆಂದು ಒಪ್ಪಿಕೊಂಡ ನಮ್ಮ ಸೋಮಾರಿತನ. ಹೊಸದಾಗಿ ಹಾಡು ಕಟ್ಟಲು ಕೂತವನ ಕೈ ಹಿಡಿಯುವುದರಲ್ಲಿ ಇಂಥ ತುಂಬಿದ ಕಿವಿಯ ಪಾಲೂ ಇದೆ.

ಎರವಲು ಧಾಟಿಯನ್ನು ನಾನು ಕಣ್ಣುಮುಚ್ಚಿ ಹೊಗಳುತ್ತಿಲ್ಲ. ಕಂಪನಿ ನಾಟಕದ ಕವಿಗಳು ಹಾಡಿನ ನೆತ್ತಿಯ ಮೇಲೆ ಯಾವುದರ ಮಟ್ಟು ಎಂದು ಪ್ರಾಮಾಣಿಕವಾಗಿ ಬರೆಯುತ್ತಿದ್ದರು. ಈಗ ಊರ ಹಬ್ಬಕ್ಕೆ, ಉರೂಸಿಗೆ, ಮೊಹರಮಿಗೆ ಬರುವ ಎಷ್ಟೋ ಹೊಸ ಪದಗಳು ಸಿನಿಮಾ ಧಾಟಿಯ ಮೇಲೆ ಅಂಟಿಸಿದ ಚೀಟಿಗಳಂತಿವೆ. ವ್ಯತ್ಯಾಸ ಗುರುತಿಸಲು ನನ್ನದೊಂದು ಒರೆಗಲ್ಲಿದೆ. ಮೂರನೆಯ ನುಡಿಗೆ ಬರುವಷ್ಟರಲ್ಲಿ ಮಾತುಗಳು ಧಾಟಿಯನ್ನು ಬಗ್ಗಿಸಿದ್ದರೆ, ಅಂದರೆ ಒಂದು ದೀರ್ಘಾಕ್ಷರಕ್ಕಾಗಿ ರಾಗ ಎಲ್ಲೋ ಕೊಂಚ ಕಾದಿದ್ದರೆ, ಒಂದು ಹೆಸರಿಗಾಗಿ ತಾಳ ಒಂದು ಹೆಜ್ಜೆ ಜಾಗ ಬಿಟ್ಟಿದ್ದರೆ, ಆ ಹಾಡು ಹೊಸದು. ಮಾತುಗಳೇ ಧಾಟಿಗೆ ಬಗ್ಗಿ, 'ಹಸನ' ಎಂಬುದು 'ಹಾಸನ'ವಾಗಿದ್ದರೆ ಅದು ನಕಲು. ಎರವಲು ಪಡೆದವನು ಹೊಸ್ತಿಲು ದಾಟಲು ಪಡೆದನೋ, ಅಲ್ಲೇ ಹಾಸಿಗೆ ಹಾಸಲು ಪಡೆದನೋ ಎಂಬುದು ಹಾಡಿನ ಮೈಮೇಲೆಯೇ ಗೊತ್ತಾಗುತ್ತದೆ. ಈಗೀಗ ನಾಲ್ಕು ಸಾಲು ಟೈಪು ಮಾಡಿದರೆ ಒಂದೆರಡು ನಿಮಿಷದಲ್ಲಿ ರಾಗ, ವಾದ್ಯ, ಕಂಠ ಎಲ್ಲವನ್ನೂ ಕೂಡಿಸಿ ಕೊಡುವ ಆ್ಯಪ್‌ಗಳು ಬಂದಿವೆ. ಅಲ್ಲಿ ಕಟ್ಟಿಹೋಗುವ ಸಂಕಟವಿಲ್ಲ, ನಿಜ. ಕಟ್ಟುವ ಕೆಲಸವೂ ಇಲ್ಲ. ನನಗೆ ಒಬ್ಬ ಹುಡುಗ ಅಂಥದ್ದೊಂದನ್ನು ಕೇಳಿಸಿದ. ಕಿವಿಗೆ ಹಿತವಾಗಿಯೇ ಇತ್ತು. ಎರಡನೆಯ ಸಲ ಕೇಳುವಾಗ ಅವನೇ ಮಧ್ಯದಲ್ಲಿ ನಿಲ್ಲಿಸಿದ.

ಶಾಲೆಯ ಹಾಡು ಏನಾಯಿತೆಂದು ಹೇಳಬೇಕಲ್ಲ. ಮರುದಿನ ಆರು, ಏಳನೆಯ ತರಗತಿಯ ಮಕ್ಕಳನ್ನು ಕೂರಿಸಿ, ಇದ್ದ ಪಲ್ಲವಿಯನ್ನು ಹೇಳಿಕೊಟ್ಟು, ನಾನು ಕೈ ಎತ್ತಿದಾಗಲೆಲ್ಲ ಎಳೆಯಬೇಕು ಎಂದೆ. ಮೊದಲ ಚರಣ ನನ್ನ ಬಾಯಿಂದ ಹೇಗೋ ಬಂತು, ಚೆನ್ನಾಗೇನೂ ಇರಲಿಲ್ಲ. ಅವರು ಪಲ್ಲವಿ ಎಳೆದರು. ಎರಡನೆಯದು ಅದಕ್ಕಿಂತ ವಾಸಿ. ನಾಲ್ಕನೆಯ ಸಲಕ್ಕೆ ಹಿಂದಿನ ಸಾಲಿನ ಮಕ್ಕಳು ಪಲ್ಲವಿಯ ಕೊನೆಯ ಸ್ವರವನ್ನು ನಾನು ಇಳಿಸಿದಂತೆ ಇಳಿಸದೆ ಅಲ್ಲೇ ಹಿಡಿದು ನಿಲ್ಲಿಸತೊಡಗಿದರು. ತಪ್ಪು ತಿದ್ದಬೇಕೆಂದು ಬಾಯಿ ತೆರೆದವನು ಸುಮ್ಮನಾದೆ. ಹದಿನೈದು ದಿನದಿಂದ ನಾನು ಹುಡುಕುತ್ತಿದ್ದ ಚರಣದ ಎತ್ತುಗಡೆ ಆ ನಿಂತ ಸ್ವರದಲ್ಲೇ ಇತ್ತು. ಅಡುಗೆಯಮ್ಮ ಹೊರಗೆ ಅಕ್ಕಿ ಆರಿಸುತ್ತ ಕೂತಿದ್ದರು. ಐದನೆಯ ಸಲ ಅವರೂ ಎಳೆದರು, ಒಂದು ಸ್ಥಾಯಿ ಕೆಳಗೆ.