ರಾಜರನ್ನು ಬಿಡಿ, ದಂಪತಿಗಳನ್ನು ನೋಡಿ

ಸೆನ್ನೆಜೆಮ್ ಮೇಳಿ ಹಿಡಿದಿದ್ದಾನೆ, ಮುಂದೆ ಜೋಡಿ ರಾಸು. ಅವನ ಬೆನ್ನಿಗೇ ಹೆಂಡತಿ ಇಯ್ನೆಫೆರ್ತಿ ಬೀಜ ಬಿಡುತ್ತ ಬರುತ್ತಿದ್ದಾಳೆ. ಅದೇ ಗೋಡೆಯ ಇನ್ನೊಂದು ಪಟ್ಟಿಯಲ್ಲಿ ಕೊಯ್ಲು ನಡೆದಿದೆ. ಇವನು ಕುಡುಗೋಲು ಹಾಕುತ್ತಾನೆ, ಅವಳು ಹಿಂದೆ ಬಂದು ತೆನೆ ಆಯುತ್ತಾಳೆ. ಸುತ್ತ ನೀರಿನ ಕಾಲುವೆ, ಕೆಳಗೆ ಹಣ್ಣಿನ ಮರಗಳ ಸಾಲು. ಇದು ಸತ್ತ ಮೇಲೆ ಸಿಗುವ ಲೋಕ. ಈಜಿಪ್ಟಿನ ಲಕ್ಸರ್ ಊರಿನ ಎದುರು ದಡದಲ್ಲಿ, ದೇರ್ ಎಲ್ ಮದೀನಾ ಎಂಬ ಕಡೆ, ಕಡಿದಾದ ಮೆಟ್ಟಿಲಿಳಿದು ಬೆನ್ನು ಬಗ್ಗಿಸಿ ಹೊಕ್ಕರೆ ಸಿಗುವ ಸಣ್ಣ ಕಮಾನು ಕೋಣೆಯಲ್ಲಿ ಇದನ್ನು ಬರೆದು ಸುಮಾರು 3,200 ವರ್ಷವಾಯಿತು. ಬಣ್ಣ ಮೊನ್ನೆ ಬಳಿದಂತಿದೆ.

"ಇಷ್ಟು ಬೆಳ್ಳಗಿರೋ ಬಟ್ಟೆ ಹಾಕ್ಕೊಂಡು ಉಳೋರನ್ನ ನಾನು ಇಲ್ಲೇ ನೋಡಿದ್ದು ಕಣ್ರೀ" ಅಂದಳು ನನ್ನಾಕೆ. ಹೊಳೆನರಸೀಪುರದ ಕಡೆಯ ಬೇಸಾಯದ ಮನೆಯಿಂದ ಬಂದವಳು, ಅವಳ ಕಣ್ಣಿಗೆ ಮೊದಲು ಬೀಳುವುದೇ ಅದು. ಆಮೇಲೆ ಇಯ್ನೆಫೆರ್ತಿಯ ಮುಂದೆ ಬಹಳ ಹೊತ್ತು ನಿಂತಳು. ರಾಗಿ ಹೊಲದಲ್ಲಿ ಅಕ್ಕಡಿ ಸಾಲಿಗೆ ಅವರೆ ಬೀಜ ಬಿಡುತ್ತ ನೇಗಿಲ ಹಿಂದೆ ನಡೆಯುವ ನಮ್ಮ ಹೆಂಗಸರ ನಡಿಗೆಯೇ ಅಲ್ಲವೇ ಅದು? ಪರಲೋಕದಲ್ಲೂ ಅವಳಿಗೆ ಕೆಲಸ ತಪ್ಪಲಿಲ್ಲ ಎಂದು ಬೇಕಾದರೆ ಬೇಸರಪಡಬಹುದು. ಆದರೆ ಕೆಲಸ ತಪ್ಪದಿರುವುದು ಅವನಿಗೂ ಅಷ್ಟೇ.

ಗೋರಿ ನೋಡುವ ಹವ್ಯಾಸಕ್ಕೆ ನನ್ನದೊಂದು ನಿಯಮವಿದೆ. ದುಡ್ಡು ಖರ್ಚು ಮಾಡಿ ವಿದೇಶಕ್ಕೆ ಹೋಗಿ ಪುರಾತನ ಸಮಾಧಿಗಳನ್ನು ನೋಡುವುದಾದರೆ ರಾಜರನ್ನು ಬಿಡಿ, ಗಂಡಹೆಂಡಿರ ಸಮಾಧಿಗಳನ್ನು ಹುಡುಕಿ. ಸೆನ್ನೆಜೆಮ್ ರಾಜನಲ್ಲ. ಗುಡ್ಡದ ಆಚೆ ಬದಿಯ ರಾಜರ ಕಣಿವೆಯಲ್ಲಿ ಫೇರೋಗಳಿಗೆ ಗೋರಿ ಕೊರೆದು ಬಣ್ಣ ಬಳಿಯುತ್ತಿದ್ದ ಕುಶಲಕರ್ಮಿಗಳ ಹಳ್ಳಿಯವನು. ರಾಜರ ಕಣಿವೆಗೆ ಬಸ್ಸು ಬಸ್ಸು ತುಂಬಿ ಜನ ಬರುತ್ತಾರೆ. ಹೊವಾರ್ಡ್ ಕಾರ್ಟರ್ 1922ರಲ್ಲಿ ತೆರೆದ ತುತಂಖಾಮನ್ ಗೋರಿಗೆ ಬೇರೆ ಟಿಕೆಟ್ ಕೊಂಡು ಒಳಗೆ ಹೋದರೆ, ಅಷ್ಟು ಹೆಸರು ಮಾಡಿದ ಜಾಗ ಇಷ್ಟು ಚಿಕ್ಕದೇ ಎಂದು ಮುಖ ಸಣ್ಣದು ಮಾಡಿಕೊಂಡು ಹೊರಬರುತ್ತಾರೆ. ದೊಡ್ಡ ಗೋರಿಗಳ ಗೋಡೆಗಳ ತುಂಬ ಸೂರ್ಯದೇವನ ರಾತ್ರಿ ಪಯಣ, ಹಾವುಗಳು, ಹನ್ನೆರಡು ತಾಸಿನ ಹನ್ನೆರಡು ಬಾಗಿಲು. ಭವ್ಯವೇನೋ ಹೌದು. ಆದರೆ ಅಲ್ಲಿ ರಾಜನ ಎದುರು ದೇವರುಗಳು ಮಾತ್ರ ನಿಂತಿರುತ್ತಾರೆ. ಮಗ್ಗುಲಲ್ಲಿ ಕೂರುವ ಹೆಂಡತಿ, ಕುರ್ಚಿ ಕೆಳಗೆ ಆಡುವ ಮಕ್ಕಳು ಇಲ್ಲ. ರಾಜನ ಗೋರಿ ಸರ್ಕಾರಿ ಕಾಮಗಾರಿ. ಅದೇ ಕೈಗಳು ಬಿಡುವಿನಲ್ಲಿ ತಮಗಾಗಿ, ತಮ್ಮ ಹೆಂಡಿರಿಗಾಗಿ ಬರೆದುಕೊಂಡ ಚಿತ್ರಗಳು ದೇರ್ ಎಲ್ ಮದೀನಾದಲ್ಲಿವೆ. 1886ರಲ್ಲಿ ಸೆನ್ನೆಜೆಮ್‌ನ ಕೋಣೆ ತೆರೆದಾಗ ಒಳಗೆ ಇಡೀ ಕುಟುಂಬವೇ ಮಲಗಿತ್ತು. ಪೆಟ್ಟಿಗೆ, ಬಾಗಿಲುಗಳೆಲ್ಲ ಅಲ್ಲಿಂದ ಹೊರಗೆ ಹೋದವು. ಚಿತ್ರ ಗೋಡೆಯಲ್ಲೇ ಉಳಿಯಿತು.

ನಾವು ಹೀಗೆ ರಜಕ್ಕೆ ಹೋಗುತ್ತೇವೆಂದು ಮೊದಲ ಸಲ ಹೇಳಿದಾಗ ಚನ್ನರಾಯಪಟ್ಟಣದ ನಮ್ಮತ್ತೆ, "ಕಾಸು ಕೊಟ್ಟು ಸುಡುಗಾಡು ನೋಡಕ್ಕೆ ಹೋಗ್ತಾರೇನಪ್ಪ? ಬಂದ ಮೇಲೆ ಮೊದಲು ತಲೆಗೆ ನೀರು ಹಾಕ್ಕೊಂಡು ಒಳಗೆ ಬನ್ನಿ" ಎಂದಿದ್ದರು. ಅವರದು ತಪ್ಪಲ್ಲ. ನಮ್ಮಲ್ಲಿ ಸತ್ತವರನ್ನು ಕಳಿಸುವುದೇ ಮುಖ್ಯ, ಇರಿಸಿಕೊಳ್ಳುವುದಲ್ಲ. ತಿಥಿಯ ದಿನ ಎಡೆ ಇಟ್ಟು, ಕಾಗೆ ಮುಟ್ಟಿತೋ ಇಲ್ಲವೋ ನೋಡಿ, ಮುಂದಿನ ವರ್ಷದವರೆಗೆ ಅವರ ಪಾಡಿಗೆ ಅವರು. ಈಜಿಪ್ಟಿನವರದು ತದ್ವಿರುದ್ಧ. ಏನನ್ನೂ ಕಳಿಸಲೊಲ್ಲರು.

ಆ ಹಟದ ಚೆಂದ ನೋಡಬೇಕೆಂದರೆ ಇಟಲಿಯ ಟ್ಯೂರಿನ್‌ಗೆ ಹೋಗಬೇಕು. ಅಲ್ಲಿನ ಈಜಿಪ್ಟ್ ಸಂಗ್ರಹಾಲಯದಲ್ಲಿ ಖಾ ಮತ್ತು ಮೆರಿತ್ ಎಂಬ ದಂಪತಿಯ ಇಡೀ ಸಂಸಾರವಿದೆ. ಖಾ ರಾಜನ ಕಟ್ಟಡ ಕೆಲಸಗಳ ಮೇಲ್ವಿಚಾರಕ, ಇದೇ ದೇರ್ ಎಲ್ ಮದೀನಾದವನು, ಸೆನ್ನೆಜೆಮ್‌ಗಿಂತ ಸುಮಾರು ನೂರಿಪ್ಪತ್ತು ವರ್ಷ ಹಿಂದಿನವನು. ಇವರ ಗೋರಿಯನ್ನು ಕಳ್ಳರು ಮುಟ್ಟಿರಲಿಲ್ಲ. 1906ರಲ್ಲಿ ಎರ್ನೆಸ್ಟೊ ಸ್ಕಿಯಾಪರೆಲ್ಲಿ ತೆರೆದಾಗ 400ಕ್ಕೂ ಹೆಚ್ಚು ವಸ್ತುಗಳು ಇಟ್ಟಲ್ಲಿ ಇಟ್ಟಂತೆ ಇದ್ದವು. ಮಂಚ, ಹಾಸಿಗೆ ಬಟ್ಟೆ, ಮಾಡಿಟ್ಟ ರೊಟ್ಟಿ, ಅಳತೆಗೋಲು, ಮೆರಿತ್‌ಳ ಕೃತಕ ಕೂದಲು, ಅದನ್ನಿಡಲು ಎತ್ತರದ ಪೆಟ್ಟಿಗೆ.

ಅಲ್ಲಿ ನೋಡಬೇಕಾದ್ದು ರೊಟ್ಟಿಯಲ್ಲ, ಶವಪೆಟ್ಟಿಗೆ. ಮೆರಿತ್ ಗಂಡನಿಗಿಂತ ಮೊದಲೇ ತೀರಿಕೊಂಡಳು. ಅವಳಿಗೆಂದು ಪೆಟ್ಟಿಗೆ ಸಿದ್ಧವಿರಲಿಲ್ಲ. ಖಾ ತನಗೆಂದು ಮಾಡಿಸಿಟ್ಟಿದ್ದರಲ್ಲೇ ಅವಳನ್ನು ಮಲಗಿಸಿದ. ಮೇಲಿನ ಬರಹವೆಲ್ಲ ಅವನ ಹೆಸರಿನದೇ. ಪೆಟ್ಟಿಗೆ ಅವಳಿಗೆ ದೊಡ್ಡದಾಯಿತು. ಸಂದುಗಳಿಗೆ ಬಟ್ಟೆ ತುರುಕಿದರು. ಆ ಬಟ್ಟೆಗಳ ಮೇಲೂ ಖಾನದೇ ಗುರುತು. ಪ್ರೇಮದ ಬಗ್ಗೆ ಎಷ್ಟೋ ಕಟ್ಟಡಗಳು ಮಾತಾಡುತ್ತವೆ, ಅಮೃತಶಿಲೆಯಲ್ಲಿ ಕಟ್ಟಿದ್ದೂ ಉಂಟು. ನನಗೆ ಈ ಅಳತೆ ತಪ್ಪಿದ ಪೆಟ್ಟಿಗೆಯೇ ಸಾಕು.

ಇಟಲಿಗೆ ಹೋದವರು ರೋಮಿನ ವಿಲ್ಲಾ ಜೂಲಿಯಾ ಸಂಗ್ರಹಾಲಯವನ್ನು ಬಿಡಬಾರದು. ಎಟ್ರುಸ್ಕನ್ನರ ಸುಟ್ಟ ಮಣ್ಣಿನ ಶವಪೆಟ್ಟಿಗೆಯೊಂದು ಅಲ್ಲಿದೆ, ಕ್ರಿಸ್ತಪೂರ್ವ ಆರನೆಯ ಶತಮಾನದ ಕೊನೆಯದು. ಮುಚ್ಚಳದ ಮೇಲೆ ಗಂಡಹೆಂಡತಿ ಔತಣಕ್ಕೆ ಒರಗಿ ಕುಳಿತಿದ್ದಾರೆ. ಇವನ ಕೈ ಅವಳ ಹೆಗಲ ಮೇಲೆ, ಇಬ್ಬರ ಮುಖದಲ್ಲೂ ನಗು. ಹೆಂಡತಿಯ ಜೊತೆ ಒಂದೇ ಆಸನದಲ್ಲಿ ಊಟಕ್ಕೆ ಕೂರುವ ಇವರನ್ನು ನೋಡಿ ಗ್ರೀಕರು ಮೂಗು ಮುರಿದಿದ್ದರಂತೆ. ಗಂಡಸರ ಪಂಕ್ತಿ ಎದ್ದ ಮೇಲೆ ಹೆಂಗಸರ ಪಂಕ್ತಿ ಹಾಕುವ ಮನೆಗಳಲ್ಲಿ ಬೆಳೆದ ನಾವು ಗ್ರೀಕರನ್ನು ದೂರುವ ಹಾಗಿಲ್ಲ. ಆ ಪೆಟ್ಟಿಗೆ ಸಿಕ್ಕ ಚೆರ್ವೆತೇರಿ ರೋಮಿನಿಂದ ಸುಮಾರು ಒಂದು ಗಂಟೆಯ ದಾರಿ. ಅಲ್ಲಿ ಗೋರಿಗಳದೇ ಬೀದಿಗಳಿವೆ. ಒಂದರ ಒಳಗೋಡೆಗೆ ಪಾತ್ರೆ, ಚಾಕು, ಹಗ್ಗ, ದಿಂಬುಗಳನ್ನೆಲ್ಲ ಗಾರೆಯಲ್ಲಿ ಉಬ್ಬು ಚಿತ್ರವಾಗಿ ಮಾಡಿದ್ದಾರೆ. ಪೂರ್ತಿ ಅಡುಗೆಮನೆ. ನನ್ನಾಕೆ ಒಂದೊಂದನ್ನೂ ಲೆಕ್ಕ ಹಾಕಿ, ಒರಳು ಇಲ್ಲ ಎಂದು ತೀರ್ಪು ಕೊಟ್ಟಳು.

ಇನ್ನು ನಮ್ಮ ಜಿಲ್ಲೆ. ಇಲ್ಲಿಗೆ ಬಂದಾಗ ನನ್ನ ನಿಯಮಕ್ಕೆ ಪೆಟ್ಟು ಬೀಳುತ್ತದೆ.

ತೀರಾ ಹಳೆಯವುಗಳಿಂದ ಜಗಳವಿಲ್ಲ. ಹಾಸನ ಜಿಲ್ಲೆಯ ಒರಟುಗಲ್ಲಿನ ಗೋರಿಗಳ ಬಗ್ಗೆ ಮೆಕೆಂಜಿ ಎಂಬ ಅಧಿಕಾರಿ 1873ರಲ್ಲೇ 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಬರೆದಿದ್ದ. ಅರಕಲಗೂಡು ಸೀಮೆ ದಾಟಿ ಕೊಡಗು ಹೊಕ್ಕರೆ ಸೋಮವಾರಪೇಟೆ ಹತ್ತಿರ ದೊಡ್ಡಮಳ್ತೆಯಲ್ಲಿ ಅಂಥವೇ ಕಲ್ಮನೆಗಳಿವೆ. ನಾಲ್ಕು ಚಪ್ಪಡಿ ನಿಲ್ಲಿಸಿ ಮೇಲೊಂದು ಹೊದಿಸಿದ ಇಂಥವನ್ನು ಜನ ಪಾಂಡವರ ಮನೆ ಅನ್ನುತ್ತಾರೆ, ಮೋರ್ಯರ ಮನೆ ಅನ್ನುತ್ತಾರೆ. ಮೋರ್ಯರೆಂದರೆ ಗೇಣುದ್ದದ ಕುಳ್ಳರಂತೆ, ಬಿಸಿಲಿಗೆ ಹೆದರಿ ಇದರೊಳಗೆ ಸೇರಿಕೊಂಡರಂತೆ. ಕಬ್ಬಿಣ ಬಳಕೆಗೆ ಬಂದ ಕಾಲದ ಈ ಗೋರಿಗಳಲ್ಲಿ ಹೆಸರಿಲ್ಲ, ಬರಹವಿಲ್ಲ. ಯಾರು ಯಾರ ಜೊತೆ ಹೋದರೆಂದು ಕೇಳುವಂತೆಯೇ ಇಲ್ಲ.

ಹೆಸರಿರುವಲ್ಲೇ ತೊಡಕು. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯಕ್ಕೆ ಹೋದವರೆಲ್ಲ ಗೋಡೆಯ ಶಿಲ್ಪಗಳಲ್ಲೇ ಮುಳುಗುತ್ತಾರೆ. ದಕ್ಷಿಣದ ಕಡೆ ನಿಂತಿರುವ ಕಂಬದ ಹತ್ತಿರ ಸುಳಿಯುವವರು ಕಡಿಮೆ. 1220ರಲ್ಲಿ ಹೊಯ್ಸಳ ಅರಸ ಇಮ್ಮಡಿ ವೀರಬಲ್ಲಾಳ ತೀರಿದಾಗ ಅವನ ದಂಡನಾಯಕ ಕುವರಲಕ್ಷ್ಮ, ಲಕ್ಷ್ಮನ ಹೆಂಡತಿ ಸುಗ್ಗಲದೇವಿ, ಜೊತೆಗೆ ಸಾವಿರ ಜನ ವೀರರು ಪ್ರಾಣ ಕೊಟ್ಟರೆಂದು ಅದರ ಶಾಸನ ಹೇಳುತ್ತದೆ. ಒಡೆಯನ ಜೊತೆ ಸಾಯುವ ಭಾಷೆ ಕೊಟ್ಟ ಗರುಡರು ಇವರು. ಕಂಬದಲ್ಲಿ ತಮ್ಮ ಕೈಯಾರೆ ತಲೆ ಕತ್ತರಿಸಿಕೊಳ್ಳುವ ವೀರರ ಕೆತ್ತನೆಯಿದೆ. ಚನ್ನರಾಯಪಟ್ಟಣದ ನೆರೆಯ ಕೃಷ್ಣರಾಜಪೇಟೆ ತಾಲ್ಲೂಕಿನ ಅಗ್ರಹಾರ ಬಾಚಹಳ್ಳಿಯಲ್ಲಿ ಇಂಥ ಕಂಬಗಳು ಇನ್ನೂ ಇವೆ, ತುದಿಯಲ್ಲಿ ಆನೆಗಳನ್ನು ಹೊತ್ತವು. ಒಂದೇ ಮನೆತನದವರು ತಲೆಮಾರು ತಲೆಮಾರಾಗಿ, ಹೆಂಡತಿಯರನ್ನೂ ಆಳುಕಾಳುಗಳನ್ನೂ ಕರೆದುಕೊಂಡು, ಹೊಯ್ಸಳ ಅರಸರ ಹಿಂದೆ ಹೋದರು.

ಮಾಸ್ತಿಕಲ್ಲುಗಳಂತೂ ನಮ್ಮ ಊರೂರಲ್ಲಿ ಉಂಟು. ಕಂಬದಿಂದ ಹೊರಟ ಒಂದು ತೋಳು, ಮೊಣಕೈಯಲ್ಲಿ ಮಡಿಸಿ ಮೇಲೆತ್ತಿದ್ದು, ತುಂಬ ಬಳೆ, ಬೆರಳಲ್ಲಿ ನಿಂಬೆಹಣ್ಣು. ಗಂಡನ ಚಿತೆಯೇರಿದವಳ ಗುರುತು. ಊರವರು ಅರಿಶಿನ ಕುಂಕುಮವಿಟ್ಟು ಮಾಸ್ತಮ್ಮ ಎಂದು ಕೈಮುಗಿಯುತ್ತಾರೆ. ಎಷ್ಟೋ ಕಲ್ಲುಗಳ ಮೇಲೆ ಅವಳ ಹೆಸರು ಕೂಡ ಇರುವುದಿಲ್ಲ. ಇವೂ ದಂಪತಿಗಳ ಸ್ಮಾರಕವೇ ಅಲ್ಲವೇ ಎಂದು ನಾನು ನನ್ನ ನಿಯಮವನ್ನು ಹಿಡಿದುಕೊಂಡು ಹೊರಟರೆ ನನ್ನಾಕೆ ಒಪ್ಪುವುದಿಲ್ಲ. "ಇವಳನ್ನ ಯಾರಾದ್ರೂ ಕೇಳಿದ್ರಾ?" ಎನ್ನುತ್ತಾಳೆ. ಸುಗ್ಗಲದೇವಿಯ ವಿಷಯದಲ್ಲೂ ಅವಳದು ಇದೇ ಪ್ರಶ್ನೆ. ಉತ್ತರ ನನ್ನ ಹತ್ತಿರ ಇಲ್ಲ. ಹಾಗಾಗಿ ನಿಯಮಕ್ಕೆ ತಿದ್ದುಪಡಿ ತಂದಿದ್ದೇನೆ: ಇಬ್ಬರೂ ತಮ್ಮ ತಮ್ಮ ಸಾವನ್ನು ತಾವೇ ಸತ್ತ ದಂಪತಿಗಳಾಗಬೇಕು.

ಈ ತಿದ್ದುಪಡಿಯ ಪ್ರಕಾರ ಜಿಲ್ಲೆಯಲ್ಲಿ ಮೊದಲ ಮಣೆ ಶ್ರವಣಬೆಳಗೊಳದ ಚಿಕ್ಕಬೆಟ್ಟಕ್ಕೆ. ಬಂದವರು ಗೊಮ್ಮಟನಿಗೆಂದು ದೊಡ್ಡಬೆಟ್ಟ ಹತ್ತಿ ಇಳಿದು, ಎಳನೀರು ಕುಡಿದು, ಬಸ್ಸು ಹಿಡಿಯುತ್ತಾರೆ. ಗೊಮ್ಮಟ ನಿಂತದ್ದು ಹತ್ತನೆಯ ಶತಮಾನದ ಕೊನೆಗೆ. ಅದಕ್ಕೂ ಮುನ್ನೂರು ನಾನೂರು ವರ್ಷ ಮೊದಲೇ ಜನ ಎದುರಿನ ಈ ಕಳ್ವಪ್ಪು ಬೆಟ್ಟಕ್ಕೆ ಉಪವಾಸದಿಂದ ದೇಹ ಬಿಡಲು ಬರುತ್ತಿದ್ದರು. ಊರಿನ ಶಾಸನಗಳನ್ನು ಲೂಯಿಸ್ ರೈಸ್ 1889ರಲ್ಲಿ ಅಚ್ಚು ಹಾಕಿದಾಗ ಸಿಕ್ಕಿದ್ದು 144. ಆರ್. ನರಸಿಂಹಾಚಾರ್ 1923ರಲ್ಲಿ ಅದನ್ನು 500ಕ್ಕೆ ಏರಿಸಿದರು. 1973ರ ಮೈಸೂರು ಆವೃತ್ತಿಯಲ್ಲಿ 573 ಆಯಿತು. ಅದರಲ್ಲಿ 271 ಈ ಚಿಕ್ಕಬೆಟ್ಟದವೇ. ಏಳು ಎಂಟನೆಯ ಶತಮಾನದವು ಹೆಚ್ಚಾಗಿ ಬರಿಯ ಬಂಡೆಯ ಮೇಲೆ ಕೊರೆದ ಸಾವಿನ ದಾಖಲೆಗಳು. ಗೋರಿ ಇಲ್ಲ, ಪೆಟ್ಟಿಗೆ ಇಲ್ಲ, ಒಂದು ಮಡಕೆಯೂ ಇಲ್ಲ. ಇಂಥವರು ಇಲ್ಲಿ ದೇಹ ಬಿಟ್ಟರು ಎಂಬ ಮಾತು ಮಾತ್ರ. ನಾಗಮತಿ ಗಂತಿ, ಶಶಿಮತಿ ಗಂತಿ ಎಂದು ಸನ್ಯಾಸಿನಿಯರ ಹೆಸರುಗಳು ಸ್ಪಷ್ಟವಾಗಿ ಸಿಗುತ್ತವೆ. ನಂದಿಸೇನನೆಂಬ ಮುನಿಯದಂತೂ ನೇರ ಕವಿತೆ. ರೂಪ, ಸಿರಿ, ಅಧಿಕಾರ ಇವೆಲ್ಲ ಮಳೆಬಿಲ್ಲು ಮಿಂಚುಗಳ ಹಾಗೆ ಎಂದು ಹೊರಟುಹೋದವನು. ಈ ವಿಷಯದಲ್ಲಿ ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಓದಲೇಬೇಕಾದವರು ಷ. ಶೆಟ್ಟರ್. ಅವರ 'ಸಾವಿಗೆ ಆಹ್ವಾನ' ಓದಿಕೊಂಡು ಹತ್ತಿದರೆ ಬಂಡೆ ಬೇರೆಯೇ ಆಗಿ ಕಾಣುತ್ತದೆ.

ದಂಪತಿಗಳು ಬರುವುದು ಹೊಯ್ಸಳರ ಕಾಲಕ್ಕೆ. ವಿಷ್ಣುವರ್ಧನನ ದಂಡನಾಯಕ ಗಂಗರಾಜ ಇಲ್ಲಿ ಶಾಸನ ಬಸದಿಯನ್ನೂ, ತಾಯಿ ಪೋಚವ್ವೆಗಾಗಿ ಕತ್ತಲೆ ಬಸದಿಯನ್ನೂ ಕಟ್ಟಿಸಿದ. ಅವನ ಹೆಂಡತಿ ಲಕ್ಷ್ಮಿ ಎರಡುಕಟ್ಟೆ ಬಸದಿ ಕಟ್ಟಿಸಿದಳು. ಗಂಡನಿಗೊಂದು, ಹೆಂಡತಿಗೊಂದು, ಅಕ್ಕಪಕ್ಕದ ಸೈಟಿನಂತೆ. 1120ರ ದಶಕದ ಆರಂಭದಲ್ಲಿ ಮೊದಲು ತಾಯಿ, ಆಮೇಲೆ ಹೆಂಡತಿ, ಇಬ್ಬರೂ ಸಲ್ಲೇಖನ ವ್ರತ ಹಿಡಿದು ತೀರಿದರು. ಇಬ್ಬರಿಗೂ ಗಂಗರಾಜನೇ ನಿಸಿಧಿ ಎಂಬ ನೆನಪಿನ ಕಲ್ಲು ನಿಲ್ಲಿಸಿದ. ಅವನು ತಲಕಾಡಿನಿಂದ ಚೋಳರನ್ನು ಓಡಿಸಿದವನು. ಹೆಂಡತಿ ಹಿಡಿದ ವ್ರತದ ಮುಂದೆ ಅವನ ಪೌರುಷಕ್ಕೆ ಕೆಲಸವಿಲ್ಲ. ಕಲ್ಲು ಬರೆಸುವುದಷ್ಟೇ ಅವನ ಪಾಲಿನದು. ಇಲ್ಲಿ ಹೆಂಡತಿ ಗಂಡನ ಹಿಂದೆ ಹೋಗಲಿಲ್ಲ, ಅವನಿಗಿಂತ ಮುಂದೆ ತನ್ನ ದಾರಿಯಲ್ಲಿ ಹೋದಳು. ಬರೆಸಿದವನು ಗಂಡ, ಹೊಗಳಿಕೆಯ ಮಾತೆಲ್ಲ ಅವನ ಕಡೆಯವರದೇ ಎಂದು ನನ್ನಾಕೆ ಇಲ್ಲೂ ಕೊಕ್ಕೆ ಹಾಕುತ್ತಾಳೆ. ಆದರೆ ಇಲ್ಲಿ ಕಲ್ಲಿನ ಮುಂದೆ ನಿಲ್ಲುವುದಕ್ಕಾದರೂ ಒಪ್ಪುತ್ತಾಳೆ.

ಅವಳು ಹೆಚ್ಚು ಹೊತ್ತು ನಿಲ್ಲುವುದು ವಿಷ್ಣುವರ್ಧನನ ರಾಣಿ ಶಾಂತಲೆ ಕಟ್ಟಿಸಿದ ಸವತಿಗಂಧವಾರಣ ಬಸದಿಯ ಹತ್ತಿರ. ಶಾಂತಲೆ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು. ಸುದ್ದಿ ತಿಳಿದ ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು ಒಂದು ತಿಂಗಳು ಉಪವಾಸವಿದ್ದು ದೇಹ ಬಿಟ್ಟಳೆಂದು ಅಲ್ಲಿನ ಶಾಸನದಲ್ಲಿದೆ. ನಾಟ್ಯರಾಣಿಯ ಕಥೆಯನ್ನು ಕಾದಂಬರಿ ಓದಿ, ಬೇಲೂರಿನ ಮದನಿಕೆಯರನ್ನು ತೋರಿಸಿ ಹೇಳುವವರು ಜಿಲ್ಲೆಯ ತುಂಬ ಇದ್ದಾರೆ. ತಾಯಿಯ ಆ ಒಂದು ತಿಂಗಳನ್ನು ಹೇಳುವ ಗೈಡನ್ನು ನಾನಿನ್ನೂ ನೋಡಿಲ್ಲ.

ಹೋಗುವವರಿಗೆ ಎರಡು ಮಾತು. ದೇರ್ ಎಲ್ ಮದೀನಾದ ಟಿಕೆಟ್ ರಾಜರ ಕಣಿವೆಯದಕ್ಕಿಂತ ಬೇರೆ. ಟೂರಿನವರು ಕೇಳದಿದ್ದರೆ ಕರೆದೊಯ್ಯುವುದಿಲ್ಲ, ಮೊದಲೇ ಹೇಳಿಕೊಳ್ಳಿ. ಚಿಕ್ಕಬೆಟ್ಟ ಚನ್ನರಾಯಪಟ್ಟಣದಿಂದ 13 ಕಿಲೋಮೀಟರ್, ಚಪ್ಪಲಿ ಕೆಳಗೇ ಬಿಡಬೇಕು. ಮಟಮಟ ಮಧ್ಯಾಹ್ನ ಹೋದರೆ ಕಾಲು ಸುಡುತ್ತದೆ, ಅಕ್ಷರವೂ ಕಾಣುವುದಿಲ್ಲ. ಓರೆ ಬಿಸಿಲಿನಲ್ಲಿ, ಅಂದರೆ ಬೆಳಿಗ್ಗೆ ಬೇಗ ಇಲ್ಲವೇ ನಾಲ್ಕರ ಮೇಲೆ, ಬಂಡೆಯ ಮೇಲಿನ ಹಳಗನ್ನಡ ಎದ್ದು ಬರುತ್ತದೆ. ಕೆಲವಕ್ಕೆ ಕಾವಲಿನ ಚೌಕಟ್ಟು ಹಾಕಿದ್ದಾರೆ, ಕೆಲವಕ್ಕೆ ಇಲ್ಲ. ಬಸದಿಗಳ ಕಡೆಗೆ ನೋಡುತ್ತ ನಡೆಯುವವರು ಇಲ್ಲದವುಗಳನ್ನು ಗೊತ್ತಿಲ್ಲದೆ ತುಳಿದುಕೊಂಡು ಹೋಗುತ್ತಾರೆ. ಕಣ್ಣು ನೆಲದ ಮೇಲಿರಲಿ.