ಧಾರವಾಡ ಎಂದಷ್ಟೇ ಬರೆದ ಚೀಟಿ

ಒಂದು ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಲ್ಲಿ ನಾವು ಕಂಡ ಕಲ್ಲಿನ ಮುಂದೆ ‘ಶಿಸ್ಟ್ ಶಿಲೆ, ಧಾರವಾಡ’ ಎಂದು ಬರೆದ ಚೀಟಿಯಿತ್ತು. ನಮ್ಮ ಕಡೆಯ ಕಲ್ಲು ಎಂದು ಮೊದಲು ಖುಷಿಯಾಯಿತು. ಆಮೇಲೆ ಪ್ರಶ್ನೆ ಎದ್ದಿತು: ಯಾವ ಧಾರವಾಡ?

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳು 1997ರಲ್ಲಿ ಹಾವೇರಿ ಜಿಲ್ಲೆಗೆ ಸೇರುವ ಮುನ್ನ ಧಾರವಾಡ ಜಿಲ್ಲೆಯಲ್ಲಿದ್ದವು. ಸವಣೂರಂತೂ 1948ರ ತನಕ ನವಾಬರ ಸಂಸ್ಥಾನ. ಹಿರೇಕೆರೂರಿನಿಂದ ರಟ್ಟಿಹಳ್ಳಿ ಬೇರೆಯಾಗಿ ಈಗ ತಾನೇ ಒಂದು ತಾಲ್ಲೂಕು. ಆಡಳಿತದ ಗಡಿ ಹೀಗೆ ಬದಲಾಗುತ್ತಲೇ ಇರುತ್ತದೆ. ತೊಡಕು ಇಷ್ಟೇ ಅಲ್ಲ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1886ರಲ್ಲಿ ದಕ್ಷಿಣ ಭಾರತದ ಒಂದು ಶಿಲಾಸಮೂಹಕ್ಕೇ ‘ಧಾರವಾಡ’ ಎಂದು ಹೆಸರಿಟ್ಟ. ಕೋಲಾರದ ಚಿನ್ನದ ಗಣಿಯ ಶಿಲೆಗಳಿಗೂ ಆ ಹೆಸರು ಅಂಟಿತು. ಅಂದಮೇಲೆ ಆ ಚೀಟಿ ಹೇಳುತ್ತಿರುವುದು ಊರನ್ನೋ, ಜಿಲ್ಲೆಯನ್ನೋ, ಶಿಲೆಯ ಜಾತಿಯನ್ನೋ?

ಹದೀಸ್ ಓದಿದವರಿಗೆ ಈ ಪ್ರಶ್ನೆ ಹೊಸದಲ್ಲ. ಪ್ರವಾದಿಯವರ (ಸ) ಮಾತೆಂದು ಯಾರಾದರೂ ಏನನ್ನಾದರೂ ಹೇಳಿದರೆ ವಿದ್ವಾಂಸರು ಕೇಳುವುದು ‘ಇದನ್ನು ನಿನಗೆ ಹೇಳಿದವರು ಯಾರು, ಅವರಿಗೆ ಹೇಳಿದವರು ಯಾರು’ ಎಂದು. ಆ ಸರಪಳಿಗೆ ಸನದ್ ಎನ್ನುತ್ತಾರೆ. ಮಾತು ಎಷ್ಟೇ ಚೆಂದವಿರಲಿ, ನಡುವೆ ಕೊಂಡಿ ಕಳಚಿದ್ದರೆ ಅದು ದುರ್ಬಲ. ಕಲ್ಲಿಗೂ ಪಳೆಯುಳಿಕೆಗೂ ಇದೇ ನಿಯಮ. ಎಲ್ಲಿ, ಯಾವ ಪದರದಲ್ಲಿ, ಯಾವಾಗ, ಯಾರ ಕೈಗೆ ಸಿಕ್ಕಿತು ಎಂಬುದು ತಿಳಿಯದಿದ್ದರೆ ಅದು ನೋಡಲು ಚೆಂದದ ವಸ್ತು ಮಾತ್ರ, ಸಾಕ್ಷಿಯಲ್ಲ.

ಫೂಟ್ ಇದನ್ನು ಬಲ್ಲವನಾಗಿದ್ದ. ಗೋಕಾಕ ತಾಲ್ಲೂಕಿನ ಚಿಕ್ಕದೌಲಿಯ ಬಳಿ ಸಿಕ್ಕ ಘೇಂಡಾಮೃಗದ ಎಲುಬುಗಳನ್ನು ಅವನು 1874ರಲ್ಲಿ ಹೊಸ ಪ್ರಭೇದವೆಂದು ವರ್ಣಿಸಿದ. ಹಳ್ಳಿಯ ಹೆಸರು ಬರೆದಿಟ್ಟದ್ದರಿಂದಲೇ, ನಮ್ಮ ಸೀಮೆಯಲ್ಲಿ ಒಂದು ಕಾಲಕ್ಕೆ ಘೇಂಡಾಮೃಗ ಓಡಾಡಿತ್ತು ಎಂದು ನಾವು ಧೈರ್ಯವಾಗಿ ಹೇಳಬಹುದು. ಅವನು ಕೂಡಿಸಿದ ಪ್ರಾಚೀನ ಕಲ್ಲಾಯುಧಗಳೂ ಮಡಕೆಗಳೂ ಮದರಾಸು ಮ್ಯೂಸಿಯಂ ಸೇರಿದವು. ಅವುಗಳ ಪಟ್ಟಿ ಅವನು ತೀರಿಕೊಂಡ ಮೇಲೆ, 1914 ಮತ್ತು 1916ರಲ್ಲಿ, ಅಚ್ಚಾಯಿತು. ಕಥೆ ಬರೆಯುವ ನಮಗೆ ಇಂಥ ಪಟ್ಟಿ ಒಣ ಸಾಹಿತ್ಯವಲ್ಲ. ಪ್ರತಿ ಸಾಲಿನ ಹಿಂದೆಯೂ ಒಂದು ಊರಿದೆ. ಆದರೆ ಆ ಕಾಲದ ದಾಖಲೆಗಳಲ್ಲಿ ಸನದ್ ಸಾಮಾನ್ಯವಾಗಿ ಸಾಹೇಬನಿಂದ ಶುರುವಾಗುತ್ತದೆ. ಅವನಿಗೆ ಹಳ್ಳದ ದಾರಿ ತೋರಿಸಿದವರು, ಅಗೆದವರು, ಹೊತ್ತವರು ಹೆಸರಿಲ್ಲದೆ ಉಳಿದರು. ಮೊದಲ ಕೊಂಡಿಯೇ ಇಲ್ಲ.

ಇದನ್ನು ಬರೀ ಬ್ರಿಟಿಷರ ಮೇಲೆ ಹೊರಿಸಿ ಕೈ ತೊಳೆದುಕೊಳ್ಳುವುದು ಸುಲಭ. 1851ರಲ್ಲಿ ಆ ಮದರಾಸು ಮ್ಯೂಸಿಯಂ ಶುರುವಾದದ್ದು ಮುಖ್ಯವಾಗಿ ಕಲ್ಲಿನ ಮಾದರಿಗಳಿಂದ. ಅದರ ಮೊದಲ ಅಧಿಕಾರಿ ಎಡ್ವರ್ಡ್ ಬಾಲ್ಫರ್ ಪಾರ್ಸಿ, ಹಿಂದೂಸ್ತಾನಿ ಬಲ್ಲವನು. ಅದೇ ಊರಿನಲ್ಲಿ ಮುಸ್ಲಿಮರಿಗಾಗಿ ಒಂದು ಗ್ರಂಥಾಲಯ ಕಟ್ಟಲು ಮುಂದಾದವನೂ ಅವನೇ. ಪುಸ್ತಕವೂ ಕಲ್ಲೂ ಅವನಿಗೆ ಒಂದೇ ಜ್ಞಾನದ ಎರಡು ಕಪಾಟುಗಳಾಗಿದ್ದವು. ಅದಕ್ಕೂ ಎಂಟು ಶತಮಾನ ಹಿಂದೆ ಅಲ್‌ಬಿರೂನಿ, ಬೆಟ್ಟದ ಬಳಿ ದೊಡ್ಡದಾಗಿ, ದೂರ ಹೋದಂತೆ ಸಣ್ಣದಾಗುವ ನದಿಯ ಕಲ್ಲುಗಳನ್ನು ನೋಡಿ, ಉತ್ತರದ ಬಯಲು ಒಂದು ಕಾಲಕ್ಕೆ ಸಮುದ್ರವಾಗಿತ್ತು ಎಂದು ತರ್ಕಿಸಿದ್ದ. ಕಲ್ಲು ಓದುವುದು ನಮಗೆ ಪರಕೀಯ ವಿದ್ಯೆಯಲ್ಲ. ನಾವೇ ಬಿಟ್ಟ ವಿದ್ಯೆ.

ಹಾನಗಲ್ಲಿನ ತಾರಕೇಶ್ವರ ಗುಡಿಯ ನುಣುಪು ಕಂಬಗಳ ಬಗ್ಗೆ ಯಾರನ್ನೇ ಕೇಳಿ, ಚಾಲುಕ್ಯ ಶೈಲಿಯ ಮಾತು ಬರುತ್ತದೆ. ಅದು ಯಾವ ಕಲ್ಲು ಎಂಬ ಮಾತು ಬರುವುದಿಲ್ಲ. ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯ ಉತ್ಸವ್ ರಾಕ್ ಗಾರ್ಡನ್‌ನಲ್ಲಿ ನಮ್ಮ ಹಳ್ಳಿಯ ಬದುಕು ಶಿಲ್ಪಗಳಲ್ಲಿ ಜೀವಂತವಾಗಿ ನಿಂತಿದೆ. ಮೆಚ್ಚಬೇಕಾದ ಕೆಲಸ. ಆದರೆ ಆ ಬದುಕಿನ ಕಾಲ ಕೆಳಗಿನ ರಾಕ್ ಯಾವುದು ಎಂದು ಮಕ್ಕಳಿಗೆ ಹೇಳುವವರು ಯಾರು?

ನಮ್ಮ ನೆಲದ ಧಾರವಾಡ ಶಿಲೆಗಳ ವಯಸ್ಸು ಸುಮಾರು 250 ಕೋಟಿ ವರ್ಷಕ್ಕೂ ಹೆಚ್ಚು. ಅವುಗಳಲ್ಲಿ ಡೈನೊಸಾರ್ ಹುಡುಕುವುದು ವ್ಯರ್ಥ. ಆಗ ಎಲುಬಿರುವ ಪ್ರಾಣಿಯೇ ಹುಟ್ಟಿರಲಿಲ್ಲ. ಇದೇ ಸಮೂಹದ, ಚಿತ್ರದುರ್ಗ ಮತ್ತು ತುಮಕೂರು ಕಡೆಯ ಸುಣ್ಣದಕಲ್ಲಿನಲ್ಲಿ ಕಣ್ಣಿಗೆ ಕಾಣದ ಜೀವಿಗಳು ಪದರ ಪದರವಾಗಿ ಕಟ್ಟಿದ ಸ್ಟ್ರೊಮ್ಯಾಟೊಲೈಟ್ ಸಿಕ್ಕಿವೆ. ಅಜ್ಞಾನಿಗೆ ಅದು ಬರೀ ಗೆರೆಯಿರುವ ಕಲ್ಲು. ಚೀಟಿ ಸರಿಯಿದ್ದರೆ ಅದು ಜೀವದ ಆದಿಯ ದಾಖಲೆ.

ಸವಣೂರಿನಿಂದ ಹಿರೇಕೆರೂರಿನ ತನಕ ಬೋರ್‌ವೆಲ್ ಲಾರಿಗಳು ನೆಲದಾಳದಿಂದ ಕಲ್ಲಿನ ಪುಡಿಯನ್ನು ಮೇಲೆ ಚೆಲ್ಲುತ್ತಲೇ ಇವೆ. ‘ಎಷ್ಟು ಫೂಟಿಗೆ ನೀರು ಬಂತ್ರಿ?’ ಎಂದು ಎಲ್ಲರೂ ಕೇಳುತ್ತಾರೆ. ಎಷ್ಟು ಫೂಟಿಗೆ ಪುಡಿಯ ಬಣ್ಣ ಬದಲಾಯಿತು ಎಂದು ಯಾರೂ ಬರೆದುಕೊಳ್ಳುವುದಿಲ್ಲ. ಮಳೆ ಬಂದರೆ ಅದು ಕೊಚ್ಚಿಹೋಗುತ್ತದೆ. ಒಂದು ಶಾಲೆ ಅಥವಾ ಮದ್ರಸಾ ಆ ಪುಡಿಯನ್ನು ಸಣ್ಣ ಡಬ್ಬಿಗಳಲ್ಲಿ ತುಂಬಿ ಆಳ, ಹೊಲ, ಹಳ್ಳಿ, ತಾರೀಕು, ಕೊರೆದವರ ಹೆಸರು ಬರೆದಿಟ್ಟರೆ ಸಾಕು, ಅಲ್ಲೊಂದು ಮ್ಯೂಸಿಯಂ ಹುಟ್ಟಿತು. ಅದಕ್ಕೆ ಬೇಕಾದದ್ದು ಕಟ್ಟಡವಲ್ಲ, ಶಿಸ್ತು.

ಮ್ಯೂಸಿಯಂ ಕೆಲಸ ಬಲ್ಲವರಿಗೆ ಒಂದು ಭಯವಿದೆ. ಪೈರೈಟ್ ಎಂಬ ಖನಿಜವಿರುವ ಮಾದರಿಗೆ ತೇವ ತಾಕಿದರೆ ಅದರಿಂದ ಆಮ್ಲ ಹುಟ್ಟಿ, ಕಲ್ಲಿನ ಜೊತೆಗೆ ಪಕ್ಕದ ಕಾಗದದ ಚೀಟಿಯನ್ನೂ ತಿಂದುಹಾಕುತ್ತದೆ. ಅದಕ್ಕೇ ಸಂಖ್ಯೆಯನ್ನು ಕಲ್ಲಿನ ಮೇಲೂ ಬರೆಯುತ್ತಾರೆ, ರಿಜಿಸ್ಟರಿನಲ್ಲೂ ಬರೆಯುತ್ತಾರೆ. ತಮ್ಮ ಸನದ್ ಒಂದೇ ಕಡೆ ಇಟ್ಟವರು ಒಂದು ಮಳೆಗಾಲದಲ್ಲಿ ಅದನ್ನು ಕಳೆದುಕೊಳ್ಳಬಹುದು.

ಮನುಷ್ಯರ ವಿಷಯದಲ್ಲೂ ಇದು ನಿಜ. ನೀವು ಎಲ್ಲಿಯವರು ಎಂಬ ಪ್ರಶ್ನೆಯನ್ನು ಈ ದಿನಗಳಲ್ಲಿ ನಮಗೆ ಮತ್ತೆ ಮತ್ತೆ ಕೇಳಲಾಗುತ್ತಿದೆ. ಊರು, ಹೊಲ, ಬಾವಿ, ಅದನ್ನು ತೋಡಿದವರ ಹೆಸರು ಇವನ್ನು ಬರೆದಿಟ್ಟುಕೊಂಡವರಿಗೆ ಉತ್ತರ ಕಷ್ಟವಲ್ಲ. ಆ ಗಾಜಿನ ಪೆಟ್ಟಿಗೆಯ ಕಲ್ಲಿಗೆ ಉತ್ತರ ಕೊಡಲಾಗಲಿಲ್ಲ. ತಪ್ಪು ಕಲ್ಲಿನದಲ್ಲ, ಚೀಟಿ ಬರೆದವರದು.